ಅಣ್ಣನ ಸ್ನಾನದ ನೀರು

ಆ ಕಡಲಂಚಿನ ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕಕ್ಕೆ ಅವನೊಬ್ಬನೇ ಆಳು. ಯಾವ ಮನೆಯಿಂದ ಯಾವ ನೀರು ಬಂತೆಂದು ಅವನ ಮೂಗೇ ಹೇಳುತ್ತಿತ್ತು. "ನಾನು ಸತ್ರೂ ನನ್ನ ಸ್ನಾನದ ನೀರು ನಿನ್ನ ಹತ್ರಾನೇ ಬರೋದು ಕಣೋ" ಎಂದು ಅಣ್ಣ ಕಿಚಾಯಿಸುತ್ತಿದ್ದ. ಮೀನು ಹಿಡಿದು ಬಂದವನು ಮೈ ಸುಡುವಂಥ ಬಿಸಿನೀರು ಸುರಿದುಕೊಳ್ಳದೆ ಯಾರನ್ನೂ ಮಾತಾಡಿಸುತ್ತಿರಲಿಲ್ಲ.

ಅಣ್ಣನ ದೋಣಿ ಹೋಗಿ ಒಂಬತ್ತು ದಿನವಾದರೂ ಹಿಂತಿರುಗಲಿಲ್ಲ. ಅತ್ತಿಗೆ ಮನೆಗೆ ಬೀಗ ಹಾಕಿ ತವರಿಗೆ ಹೋದಳು. ಖಾಲಿ ಮನೆಯ ಬಚ್ಚಲ ಪೈಪಿಗೆ ಹೊರಗಿನಿಂದ ಬಿರಡೆ ಜಡಿಯಬೇಕು, ಇಲ್ಲದಿದ್ದರೆ ಚರಂಡಿಯ ಗಾಳಿ ಮನೆ ತುಂಬುತ್ತದೆ ಎಂಬುದು ಘಟಕದ ನಿಯಮ. ಹಾಳು ನಿಯಮ! ಹೆಣವೇ ಸಿಕ್ಕಿಲ್ಲವಲ್ಲ ಎಂದುಕೊಳ್ಳುತ್ತಲೇ ಕಲ್ಲುಮನಸ್ಸು ಮಾಡಿ ಅವನೇ ಬಿರಡೆ ಜಡಿದು ಬಂದ.

ಮೂರನೆಯ ದಿನ ಮಧ್ಯಾಹ್ನ ಅತ್ತಿಗೆ ಬಟ್ಟೆ ಒಯ್ಯಲೆಂದು ಮನೆಗೆ ಬಂದವಳು, ನೇರ ಘಟಕಕ್ಕೆ ಓಡಿಬಂದಳು.

"ಪೈಪು ಮುಚ್ಚಿದ್ಯೇನಪ್ಪಾ? ಬಚ್ಚಲಲ್ಲಿ ಮೊಣಕಾಲುದ್ದ ನೀರು ನಿಂತಿದೆ."

"ಬೀಗ ಹಾಕಿದ ಮನೇಲಿ ನೀರೆಲ್ಲಿಂದ ಬರುತ್ತೆ ಅತ್ತಿಗೆ? ನಲ್ಲಿಯನ್ನೂ ನಾನೇ ಬಂದ್ ಮಾಡಿದ್ದೆ. ಸಮುದ್ರದ ನೀರು ಒಸರಿರ್ಬೇಕು."

"ನಾನೂ ಹಾಗೇ ಅಂದ್ಕೊಂಡು ಕೈ ಹಾಕಿದೆ."

ಅವಳು ಕೆಂಪಾದ ಅಂಗೈಯನ್ನು ಅವನ ಮುಂದೆ ಚಾಚಿದಳು.

"ಮೊದಲು ಹೋಗಿ ಬಿರಡೆ ಕೀಳು. ನೀರು ಇನ್ನೂ ಸುಡ್ತಾ ಇದೆ."