ಏಳು ಗಂಟೆಯ ಮುಳ್ಳು

ಕಡಲ ಹಾವು ಮನುಷ್ಯರನ್ನು ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಮೂವತ್ತೊಂದು ವರ್ಷದಿಂದ ಇದನ್ನೇ ಹೇಳಿಕೊಂಡು ಬಂದಿದ್ದೇನೆ, ಈಗಲೂ ಇದನ್ನೇ ಹೇಳುತ್ತೇನೆ. ದಡಕ್ಕೆ ಈಜಲು ಬರುವ ಪೇಟೆಯವರು ನೀರಿನಲ್ಲಿ ಪಟ್ಟೆಪಟ್ಟೆಯದೊಂದು ತೇಲಿದ್ದು ಕಂಡರೆ ಸಾಕು, ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಓಡಿಬಂದು ನಮ್ಮ ಶೆಡ್ಡಿನ ಮುಂದೆ ನಿಲ್ಲುತ್ತಾರೆ. ವಿಷವಿದೆಯಾ ಅಂತ ಕೇಳುತ್ತಾರೆ. ಇದೆ, ನೆಲದ ಹಾವಿಗಿಂತ ಜಾಸ್ತಿಯೇ ಇದೆ ಅನ್ನುತ್ತೇನೆ. ಹಾಗಾದರೆ ಮೈಮೇಲೆ ಬರುತ್ತದಾ ಅನ್ನುತ್ತಾರೆ. ನಿಮ್ಮ ಮೈಯಲ್ಲಿ ಅದಕ್ಕೇನು ಕೆಲಸ, ಅದರ ಬಾಯಿಗೆ ನೀವು ಹಿಡಿಸುತ್ತೀರಾ, ನೀವು ಅದರ ತಂಟೆಗೆ ಹೋಗಬೇಡಿ ಅಷ್ಟೆ ಅಂತ ಗದರಿ ಕಳಿಸುತ್ತೇನೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಸುಳ್ಳು ಹೇಳಿದ್ದು ಬೇರೆ ಕಡೆ.

ನಮ್ಮದು ಮೀನು ಆರಿಸುವ ಕೆಲಸ. ಬೆಳಗ್ಗೆ ಆರೂವರೆಗೆ ದೋಣಿಯವರು ಬಲೆಯಲ್ಲಿ ಬಿದ್ದದ್ದನ್ನೆಲ್ಲ ತಂದು ಟಾರ್ಪಾಲಿನ ಮೇಲೆ ಸುರಿದು ಹೋಗುತ್ತಾರೆ. ತಗಡಿನ ಶೆಡ್ಡಿನ ಕೆಳಗೆ ರಾಶಿಯ ಸುತ್ತ ಹನ್ನೊಂದು ಹೆಂಗಸರು ಮಣೆ ಹಾಕಿಕೊಂಡು ಕೂರುತ್ತೇವೆ. ಸಿಗಡಿ ಒಂದು ಬುಟ್ಟಿಗೆ, ಏಡಿ ಇನ್ನೊಂದಕ್ಕೆ, ದೊಡ್ಡ ಮೀನು ಐಸ್ ಪೆಟ್ಟಿಗೆಗೆ, ಕಸಕಡ್ಡಿ ಬೆನ್ನ ಹಿಂದಕ್ಕೆ. ವಾರಕ್ಕೆ ಮೂರೋ ನಾಲ್ಕೋ ಹಾವು ರಾಶಿಯೊಳಗೆ ಇದ್ದೇ ಇರುತ್ತವೆ. ಕಂಡವಳು ‘ಹಗ್ಗ’ ಅನ್ನಬೇಕು, ಉಳಿದವರು ಕೈ ಹಿಂದೆ ತೆಗೆದುಕೊಳ್ಳಬೇಕು, ನಾನು ಎದ್ದು ಹೋಗಿ ಅದರ ಬಾಲ ಹಿಡಿದೆತ್ತಿ ಹತ್ತು ಹೆಜ್ಜೆ ನಡೆದು ನೀರಿಗೆ ಬಿಟ್ಟು ಬರಬೇಕು. ಕೋಲಿಲ್ಲ, ಕೈಗವಸಿಲ್ಲ, ಬರಿಗೈ. ಅದಕ್ಕೇ ಎಲ್ಲರೂ ನನ್ನನ್ನು ಹಾವಕ್ಕ ಅನ್ನುತ್ತಾರೆ. ಆ ಹೆಸರಿನ ಮೇಲೆ ನನಗೆ ಜಂಬವಿತ್ತು ಅಂತ ಒಪ್ಪಿಕೊಳ್ಳಲು ಈಗ ನಾಚಿಕೆಯೇನಿಲ್ಲ.

ಇದೆಲ್ಲ ನಡೆದಾಗ ಮಗನಿಗೆ ಮದುವೆಯಾಗಿ ಎಂಟು ತಿಂಗಳಾಗಿತ್ತು. ಅವನು ಐಸ್ ಲಾರಿ ಓಡಿಸುತ್ತಾನೆ. ಸೊಸೆ ಕಡಲು ಕಾಣದ ಊರಿನವಳು, ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದವಳು. ಮನೆಯಲ್ಲಿ ಸುಮ್ಮನೆ ಕೂರಲಾರೆ ಅಂತ ತಾನಾಗಿಯೇ ನನ್ನ ಹಿಂದೆ ಶೆಡ್ಡಿಗೆ ಬಂದಳು. ಕೈ ಚುರುಕು, ಮಾತು ಕಡಿಮೆ. ಆದರೆ ಮೊದಲ ವಾರವೇ ಹಾವು ಕಂಡು ಐಸ್ ಪೆಟ್ಟಿಗೆಯ ಮೇಲೆ ಹತ್ತಿ ನಿಂತುಬಿಟ್ಟಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾವಕ್ಕನ ಸೊಸೆಯ ಧೈರ್ಯ ನೋಡಿ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ನಾನು ಅವಳನ್ನು ಬಿಟ್ಟಿದ್ದೇ ಇಲ್ಲ. ಊಟಕ್ಕೆ ಕೂತಾಗ ಮಗನ ಮುಂದೆ, ನಿನ್ನ ಹೆಂಡತಿ ಬಟ್ಟೆಯ ದಾರ ಕಂಡರೂ ಮಂಚ ಹತ್ತುತ್ತಾಳೆ ಅನ್ನುತ್ತಿದ್ದೆ. ಮಗ ನಗುತ್ತಿದ್ದ, ಅವಳೂ ನಗುತ್ತಿದ್ದಳು. ಒಂದು ದಿನ ದಪ್ಪ ಜೀನ್ಸ್ ಬಟ್ಟೆಯಲ್ಲಿ ಮೊಣಕೈವರೆಗೆ ಬರುವ ಕೈಗವಸು ತಾನೇ ಹೊಲಿದುಕೊಂಡು ಬಂದಳು. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಪಕ್ಕದ ಮಣೆಯವಳು ತನಗೂ ಒಂದು ಜೊತೆ ಬೇಕು ಅಂದಳು. ಸಿಗಡಿ ಆರಿಸಲು ಬಂದಿದ್ದೀಯೋ ಕುಸ್ತಿ ಮಾಡಲು ಬಂದಿದ್ದೀಯೋ ಅಂತ ಎಲ್ಲರೆದುರು ಕೇಳಿದೆ. ಮಾರನೆಯ ದಿನ ಕೈಗವಸು ಬರಲಿಲ್ಲ, ಬರಿಗೈಯಲ್ಲಿ ಬಂದಳು.

ಆಮೇಲೆ ನಾನೇ ಅವಳ ಕೈ ಹಿಡಿದು ಕಲಿಸಿದೆ. ಬಾಲ ಚಪ್ಪಟೆಯಾಗುವ ಜಾಗಕ್ಕಿಂತ ಎರಡು ಬೆರಳು ಮೇಲೆ ಹಿಡಿ, ತೋಳು ಪೂರ್ತಿ ಚಾಚು, ಜಗ್ಗಬೇಡ, ಅಲ್ಲಾಡಿಸಬೇಡ, ಓಡಬೇಡ ಅಂದೆ. ಅವಳ ತುಟಿ ಬೆಳ್ಳಗಾಗಿತ್ತು, ಆದರೂ ಹಿಡಿದಳು. ಹಾವು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ನೋಡಿದೆಯಾ, ಪಾಪದ ಪ್ರಾಣಿ ಅಂದೆ. ಮುಂದೆ ಅವಳೇ ಐದಾರು ಹಾವು ಬಿಟ್ಟುಬಂದಳು. ಶೆಡ್ಡಿನವರು ಅವಳನ್ನು ಮರಿ ಹಾವಕ್ಕ ಅನ್ನಲು ಶುರುಮಾಡಿದರು. ನಾನು ಮೀಸೆಯಿಲ್ಲದಿದ್ದರೂ ಮೀಸೆ ತಿರುವುವ ಗತ್ತಿನಲ್ಲಿ ಓಡಾಡಿದೆ.

ಆ ದಿನ ಮೇಲಿನ ಕಡೆ ಮಳೆಯಾಗಿ ಹೊಳೆಯಿಂದ ಕೆಂಪು ನೀರು ಕಡಲಿಗೆ ನುಗ್ಗಿತ್ತು. ದಿನಾ ಮೂರು ನಾಲ್ಕು ಗಂಟೆ ಬಲೆ ಎಳೆಯುವ ದೋಣಿಯವರು ಅಂದು ಅರ್ಧ ಗಂಟೆಗೇ ಎತ್ತಿಕೊಂಡು ವಾಪಸು ಬಂದರು. ರಾಶಿ ಟಾರ್ಪಾಲಿನ ಮೇಲೆ ಬಿದ್ದಾಗ ಎಲ್ಲವೂ ಪಟಪಟ ಒದ್ದಾಡುತ್ತಿದ್ದವು. ಮೀನು ತಾಜಾ ಇದೆ ಅಂತ ನಾವು ಖುಷಿಪಟ್ಟೆವು. ಮೀನು ಅಷ್ಟು ತಾಜಾ ಇದ್ದರೆ ಅದರ ಜೊತೆ ಬಂದದ್ದೂ ಅಷ್ಟೇ ತಾಜಾ ಇರುತ್ತದೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಗಂಟೆಗಟ್ಟಲೆ ಬಲೆಯಲ್ಲಿ ಸಿಕ್ಕಿ ಉಸಿರುಗಟ್ಟಿದ ಹಾವುಗಳನ್ನಷ್ಟೇ ನಾನು ಮೂವತ್ತೊಂದು ವರ್ಷ ಹಿಡಿದಿದ್ದೆ. ಅವುಗಳ ಸುಸ್ತನ್ನೇ ಸಾಧು ಗುಣ ಅಂದುಕೊಂಡಿದ್ದೆ.

ಸೊಸೆ ನನ್ನ ಎದುರಿಗೇ ಕೂತಿದ್ದಳು. ಏಡಿಗಳ ನಡುವೆ ಕೈ ಹಾಕಿದವಳು ತಟ್ಟನೆ ನಿಲ್ಲಿಸಿ ‘ಹಗ್ಗ’ ಅಂದಳು. ನನಗೆ ಮಂಡಿ ಹಿಡಿದುಕೊಂಡಿತ್ತು, ನೀನೇ ಬಿಟ್ಟು ಬಾ ಅಂದೆ. ಅವಳು ಕೈ ಚಾಚಲಿಲ್ಲ.

“ಅತ್ತೆ, ಇದರ ಮೂತಿ ಬೇರೆ ಥರ ಇದೆ. ಕೊಕ್ಕಿನ ಹಾಗೆ ಕೆಳಗೆ ಬಾಗಿದೆ.”

“ಮೂತಿ ನೋಡಿ ಅದಕ್ಕೇನು ಹೆಣ್ಣು ಹುಡುಕ್ಬೇಕಾ? ಬಾಲ ಹಿಡಿ,” ಅಂದೆ.

ಎಲ್ಲರೂ ನಕ್ಕರು. ಅವಳು ಹಿಡಿದಳು. ಬೂದಿ ಬಣ್ಣದ ಹಾವು, ಮೈಮೇಲೆ ಪಟ್ಟೆಯಿರಲಿಲ್ಲ. ಜೋತುಬೀಳಲಿಲ್ಲ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ಮೇಲಕ್ಕೆ ಬಂತು, ಮಣಿಕಟ್ಟಿಗೆ ತಲೆ ತಾಗಿಸಿತು, ಮತ್ತೆ ಕೆಳಗಿಳಿಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಉಳಿದವರ ಗಮನ ನಗುವುದರಲ್ಲಿತ್ತು. ನಾನು ನೋಡಿದೆ. ಅವಳು ಕೈ ಬಿಡಲಿಲ್ಲ, ಓಡಲಿಲ್ಲ, ಹತ್ತು ಹೆಜ್ಜೆ ನಡೆದು ನೀರಿಗೆ ಬಿಟ್ಟೇ ಬಂದಳು. ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೇರೆಯವರಿಗೆ ಕೇಳದ ಹಾಗೆ, ಕೈಗೆ ಏನೋ ಚುಚ್ಚಿದ ಹಾಗಾಯಿತು ಅಂದಳು.

ಕೈ ತಿರುಗಿಸಿ ನೋಡಿದೆ. ಸೂಜಿಮೊನೆಯಷ್ಟು ಎರಡು ಚುಕ್ಕೆ. ಊತವಿಲ್ಲ, ರಕ್ತ ಒಂದು ತೊಟ್ಟೂ ಇಲ್ಲ. ನೋವಿದೆಯಾ ಅಂತ ಕೇಳಿದೆ, ಇಲ್ಲ ಅಂದಳು. ಹಾವಕ್ಕನ ಶೆಡ್ಡಿನಲ್ಲಿ, ಹಾವಕ್ಕ ಕಲಿಸಿದವಳಿಗೆ, ಹಾವು ಕಚ್ಚಿತು ಅಂತ ಎದ್ದು ನಿಂತು ಕೂಗಬೇಕಿತ್ತು. ನೋವೇ ಇಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

“ಮೀನಿನ ಮುಳ್ಳು ಕಣೇ. ತೊಳ್ಕೊಂಡು ಕೂತ್ಕೋ,” ಅಂದೆ.

ಆಗ ಟೀ ಬಂತು. ಟೀ ಬರುವುದು ಏಳು ಗಂಟೆಗೆ.

ಒಂಬತ್ತರ ಹೊತ್ತಿಗೆ ಅವಳ ಕೈ ನಿಧಾನವಾಯಿತು. ಕುತ್ತಿಗೆ ಹಿಡಿದುಕೊಂಡಿದೆ ಅಂದಳು. ತಲೆದಿಂಬು ಸರಿಯಿರಲಿಲ್ಲವೇನೋ ಅಂದೆ. ಹತ್ತಕ್ಕೆ ಬುಟ್ಟಿ ಎತ್ತಲು ಎದ್ದವಳು ತೊಡೆ ಹಿಡಿದುಕೊಂಡು ಹಾಗೇ ಕೂತಳು. ಪಕ್ಕದ ಮಣೆಯವಳು ನನ್ನ ಕಿವಿಯ ಹತ್ತಿರ ಬಂದು, ಅಜ್ಜಿಯಾಗುತ್ತೀಯಾ ಅಂತ ಕಾಣುತ್ತದೆ ಅಂತ ತಮಾಷೆ ಮಾಡಿದಳು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅದೇ ಇರಬೇಕು, ಅದೇ ಇರಲಿ ಅಂತ ಇನ್ನೊಂದು ಗಂಟೆ ತಳ್ಳಿದೆ. ನಡುನಡುವೆ ಅವಳ ಮಣಿಕಟ್ಟು ನೋಡುತ್ತಿದ್ದೆ. ಅಲ್ಲಿ ಈಗಲೂ ಏನೂ ಇರಲಿಲ್ಲ.

ಹನ್ನೊಂದೂವರೆಗೆ ಊಟದ ಡಬ್ಬಿ ಬಿಚ್ಚಿದೆವು. ಅವಳು ತುತ್ತು ಹಿಡಿದುಕೊಂಡು ಬಾಯಿ ತೆರೆಯಲು ನೋಡಿದಳು. ಬೆರಳು ಹೋಗುವಷ್ಟೂ ತೆರೆಯಲಿಲ್ಲ. ತುತ್ತನ್ನು ಡಬ್ಬಿಯಲ್ಲೇ ಇಟ್ಟು, ಹಸಿವಿಲ್ಲ ಅಂತ ಹಲ್ಲಿನ ಸಂದಿನಿಂದ ಹೇಳಿ, ಗೋಡೆ ಹಿಡಿದುಕೊಂಡು ಹಿಂದಿನ ಕಕ್ಕಸಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನೇ ಹೋಗಿ ಬಾಗಿಲು ತಳ್ಳಿದೆ. ಗೋಡೆಗೆ ಒರಗಿ ನಿಂತಿದ್ದಳು, ರೆಪ್ಪೆ ಅರ್ಧ ಜೋತುಬಿದ್ದಿತ್ತು. ಕೆಳಗೆ ಬೆರಳು ಮಾಡಿದಳು. ಬಿಳಿ ಕಲ್ಲಿನ ಮೇಲೆ ಮೂತ್ರ ಹಾಲು ಹಾಕದ ಟೀಯಷ್ಟು ಕಪ್ಪಗಿತ್ತು.

ನನ್ನ ಅತ್ತೆ ಇದೇ ಶೆಡ್ಡಿನಲ್ಲಿ ನನಗೆ ಕೆಲಸ ಕಲಿಸಿದವರು. ಕೊಕ್ಕಿನ ಮೂತಿಯದನ್ನು ಮಾತ್ರ ಕೈಯಲ್ಲಿ ಹಿಡಿಯಬೇಡ, ಅದಕ್ಕೆ ಕೋಪ ಬೇಗ, ಕಚ್ಚಿದ್ದು ಗೊತ್ತಾಗುವುದಿಲ್ಲ, ಮೂತ್ರ ಕಪ್ಪಾದ ಮೇಲೆ ಗೊತ್ತಾಗುತ್ತದೆ ಅಂದಿದ್ದರು. ಅಂಥದ್ದು ನನ್ನ ಕೈಗೆ ಸಿಕ್ಕಿದ್ದೇ ನಾಲ್ಕೋ ಐದೋ, ಅವೂ ಅರೆಜೀವ. ಮುದುಕಿಯ ಹೆದರಿಕೆ ಅಂತ ಆ ಮಾತನ್ನು ಗಾಳಿಗೆ ತೂರಿದ್ದೆ.

ಅಷ್ಟರಲ್ಲಿ ಮಗ ಐಸ್ ಇಳಿಸಲು ಬಂದಿದ್ದ. ಹಾಗೇ ಲಾರಿಯಲ್ಲಿ ಅವಳನ್ನು ಮಲಗಿಸಿಕೊಂಡು ಹೊರಟೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಏನಾಯಿತು ಅಂದ. ಹಾವು ಅಂದೆ. ಯಾವಾಗ ಅಂತ ಕೇಳಿದ. ಏಳು ಗಂಟೆಗೆ ಅನ್ನಲು ನಾಲಿಗೆ ಹೊರಳಲಿಲ್ಲ. ಈಗ, ಊಟಕ್ಕೆ ಸ್ವಲ್ಪ ಮುಂಚೆ ಅಂದೆ. ಸೊಸೆ ಅರೆಗಣ್ಣಿನಲ್ಲೇ ನನ್ನನ್ನು ನೋಡಿದಳು. ಕಿವಿ ಕೇಳುತ್ತಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ. ಬಂದಿದ್ದರೂ ಅವಳು ಅತ್ತೆಯ ಮಾತು ಅಲ್ಲಗಳೆಯುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿದ್ದದ್ದು ನನ್ನ ಮಗಳಾಗುವಷ್ಟು ಚಿಕ್ಕ ವಯಸ್ಸಿನ ಡಾಕ್ಟರು. ಮಣಿಕಟ್ಟು ನೋಡಿದರು, ರೆಪ್ಪೆ ಎತ್ತಿ ನೋಡಿದರು, ದವಡೆ ಅದುಮಿದರು. ಎಷ್ಟು ಹೊತ್ತಾಯಿತು ಅಂದಾಗ, ಒಂದು ಗಂಟೆ ಆಗಿರಬಹುದು ಅಂದೆ. ಅವರು ಹುಬ್ಬು ಗಂಟಿಕ್ಕಿದರು. ಒಂದು ಗಂಟೆಗೆ ದವಡೆ ಹೀಗೆ ಕಚ್ಚಿಕೊಳ್ಳುವುದಿಲ್ಲ, ಊತ ಬೇರೆ ಇಲ್ಲ, ಹಾವು ತಾಗಿಯೇ ಇಲ್ಲವೇನೋ ಅಂದರು. ಮೀನಿನ ಮುಳ್ಳು, ತುಕ್ಕು ಹಿಡಿದ ತಗಡು ಅಂತ ದಿನಾ ಚುಚ್ಚಿಸಿಕೊಳ್ಳುವ ಕೈ ಇದು, ಧನುರ್ವಾಯು ಇರಬೇಕು, ಅದಕ್ಕೇ ಮದ್ದು ಶುರುಮಾಡೋಣ ಅಂದರು. ಕಡಲ ಹಾವಿನ ವಿಷಕ್ಕೆ ಕೊಡುವ ಮದ್ದು ಇಡೀ ಆಸ್ಪತ್ರೆಯಲ್ಲಿ ಒಬ್ಬರಿಗಾಗುವಷ್ಟೇ ಇದೆಯಂತೆ, ಖಾತ್ರಿಯಿಲ್ಲದೆ ತೆಗೆಯುವುದಿಲ್ಲವಂತೆ. ಟೈಮ್ ಸರಿಯಾಗಿ ಗೊತ್ತಾ ಅಂತ ಇನ್ನೊಂದು ಸಲ ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ಮಗ ಹೇಳಿದ.

“ಅಮ್ಮಂಗೆ ಹಾವಿನ ವಿಷಯ ನಿಮಗಿಂತ ಚೆನ್ನಾಗಿ ಗೊತ್ತು ಡಾಕ್ಟ್ರೇ. ಅವಳು ಹೇಳಿದ ಟೈಮೇ ಸರಿ.”

ನರ್ಸು ಧನುರ್ವಾಯುವಿನ ಇಂಜೆಕ್ಷನ್ ತರಲು ತಿರುಗಿದಳು. ಮಂಚದ ಮೇಲೆ ಸೊಸೆಯ ಎದೆ ಏರಿಳಿಯುವುದು ಕಾಣಲು ಬಗ್ಗಿ ನೋಡಬೇಕಾಗಿತ್ತು. ಗೋಡೆಯ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಸುಮ್ಮನಿದ್ದರೆ ಅವಳು ಸಾಯುತ್ತಾಳೆ, ನನ್ನ ಮಾನ ಉಳಿಯುತ್ತದೆ. ಲೆಕ್ಕ ಅಷ್ಟು ಸಲೀಸಾಗಿತ್ತು. ಆ ಲೆಕ್ಕ ಹಾಕಿದೆ ಅನ್ನುವುದೇ ನನ್ನನ್ನು ಇವತ್ತಿಗೂ ನಿದ್ದೆಗೆಡಿಸುತ್ತದೆ.

“ಏಳು ಗಂಟೆಗೆ ಕಚ್ಚಿದ್ದು,” ಅಂದೆ. “ಕೊಕ್ಕಿನ ಮೂತಿಯದು. ಬೆಳಗ್ಗೆ ಏಳಕ್ಕೆ. ಮೂತ್ರವೂ ಕಪ್ಪಗಾಗಿದೆ.”

ಡಾಕ್ಟರು ನನ್ನನ್ನು ಬೈಯಲಿಲ್ಲ. ಗಡಿಯಾರ ನೋಡಿದರು, ಬರೆದಿದ್ದನ್ನು ಹೊಡೆದುಹಾಕಿದರು, ನರ್ಸನ್ನು ಕೂಗಿ ಕರೆದು ಬೀರುವಿನ ಕೀ ಕೊಟ್ಟರು. ಉಸಿರಾಟದ ಮಷೀನು, ಕಿಡ್ನಿಯವರಿಗೆ ಫೋನು ಅನ್ನುತ್ತಾ ಮಂಚವನ್ನು ತಳ್ಳಿಕೊಂಡೇ ಓಡಿದರು. ಕೋಣೆಯಲ್ಲಿ ನಾನೂ ಮಗನೂ ಉಳಿದೆವು.

“ಅವಳು ನಿಂಗೆ ಹೇಳಿದ್ಲಾ ಅಮ್ಮಾ?”

“ಹೇಳಿದ್ಲು. ಮುಳ್ಳು ಅಂತ ಅಂದೆ.”

ಆರು ದಿನ ಅವಳ ಉಸಿರನ್ನು ಮಷೀನು ಆಡಿಸಿತು, ನಾಲ್ಕು ಸಲ ರಕ್ತ ತೊಳೆದರು. ನಾನು ಡಬ್ಬಿ ತಂದರೆ ಮಗ ಇಸಿದುಕೊಂಡು ಒಳಗೆ ಹೋಗುತ್ತಿದ್ದ. ಹೊರಗಿನ ಬೆಂಚಿನಲ್ಲಿ ಯಾರಾದರೂ ಪಕ್ಕ ಕೂತು ರೋಗಿಗೆ ನೀವೇನಾಗಬೇಕು ಅಂದರೆ ನಾನು ಎದ್ದು ಇನ್ನೊಂದು ಬೆಂಚಿಗೆ ಹೋಗುತ್ತಿದ್ದೆ.

ಒಂಬತ್ತನೆಯ ದಿನ ಮಗ ಬಾಗಿಲಿಗೆ ಬಂದು, ಕರೀತಿದ್ದಾಳೆ ಅಂದ. ಬೈಯಲಿ ಅಂತ ಹೋದೆ. ಏನು ಬೈದರೂ ತಲೆ ಬಗ್ಗಿಸಿ ಕೇಳಬೇಕು ಅಂತ ಗಟ್ಟಿಮಾಡಿಕೊಂಡು ಹೋದೆ, ಬೈದರೆ ನನಗೂ ಒಂದಿಷ್ಟು ಹಗುರಾಗುತ್ತಿತ್ತು. ಮೈ ಅರ್ಧಕ್ಕೆ ಇಳಿದಿತ್ತು, ಗಂಟಲಿನ ನಳಿಗೆ ತೆಗೆದಿದ್ದರಿಂದ ಸ್ವರ ಒಡೆದಿತ್ತು. ಮಗ ಅವಳ ಕಾಲ ಬಳಿ ನಿಂತ. ಅವಳು ನನ್ನ ಬೆರಳು ಹಿಡಿದುಕೊಂಡಳು.

“ತಪ್ಪು ನಂದೇ ಅತ್ತೆ,” ಅಂದಳು. “ನಾನು ಸರಿಯಾಗಿ ಹಿಡೀಲಿಲ್ಲ. ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತು.”

ಮಂಚದ ಅಂಚಿನಲ್ಲಿ ಕೂತೆ. ಎಂಟು ತಿಂಗಳಲ್ಲಿ ನಾನು ಈ ಹುಡುಗಿಗೆ ಕಲಿಸಿದ್ದು ಇಷ್ಟೇ. ಮಗ ನನ್ನ ಮುಖವನ್ನೇ ನೋಡುತ್ತಿದ್ದ.

“ಇಲ್ಲ ಕಣೇ, ಸರಿಯಾಗೇ ಹಿಡಿದಿದ್ದೆ,” ಅಂದೆ. “ಅದು ತಿರುಗಿ ಕಚ್ಚಿದ್ದನ್ನ ನಾನು ಕಣ್ಣಾರೆ ನೋಡಿದ್ದೆ.”