ಬಟನ್ ಡಬ್ಬ

ತೀರಿಕೊಂಡ ಅಪ್ಪನಿಗೆ ಅಂಗಿಯ ಎರಡೂ ತೋಳು ತೊಡಿಸಿ ಮುಗಿದ ಮೇಲೆ ಚಿಕ್ಕಪ್ಪನ ಕೈ ನಿಂತಿತು.

"ಎದೆ ಹತ್ರ ಬಟನ್ನೇ ಇಲ್ವಲ್ಲೇ ಇದಕ್ಕೆ."

ಮಗಳು ಬಗ್ಗಿ ನೋಡಿದಳು. ಅಪ್ಪ ತನಗೆಂದೇ ಹೊಲಿದುಕೊಂಡಿದ್ದ ಅಂಗಿ. ಕಾಲರು, ಜೇಬು, ಕಾಜಾ ಎಲ್ಲ ಮುಗಿದಿತ್ತು. ಬಟನ್ ಹಾಕುತ್ತಿದ್ದಾಗ ಯಾರೋ ಗಿರಾಕಿ ಬಂದರೆಂದು ಪಕ್ಕಕ್ಕಿಟ್ಟವನು ಮತ್ತೆ ಅದನ್ನು ಮುಟ್ಟಿರಲಿಲ್ಲ.

"ಊರಿಗೆಲ್ಲ ಹೊಲಿದುಕೊಟ್ಟ, ತನ್ನದು ಅರ್ಧಕ್ಕೇ ಬಿಟ್ಟ," ಎಂದು ಚಿಕ್ಕಪ್ಪ ನಗಲು ನೋಡಿದ, ಆಗಲಿಲ್ಲ. "ಟೈಲರ್‌ನ ಹೀಗೆ ಕಳಿಸಿದ್ರೆ ನೋಡಿದವರು ಏನಂತಾರೆ? ಒಂದು ಬಟನ್ ಹುಡುಕು ಹೋಗು. ಗಾಡಿ ಬರೋಕೆ ಇನ್ನೂ ಹೊತ್ತಿದೆ."

ಅಮ್ಮ ಅದೇ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಪಕ್ಕದ ಮನೆಯಾಕೆ ಅವಳ ಕೈ ಹಿಡಿದುಕೊಂಡಿದ್ದಳು.

"ಮಾತ್ರೆ ಎಲ್ಲ ಸರಿಯಾಗಿ ತಗೋತಿದ್ರಾ?" ಎಂದು ಆಕೆ ಕೇಳಿದಳು.

"ಒಂದೂ ತಪ್ಪಿಸಿಲ್ಲ ಕಣೇ. ಆಸ್ಪತ್ರೆಯವರು ಕೊಟ್ಟ ಆ ಯಂತ್ರ ಇದೆಯಲ್ಲ, ತಪ್ಪಿಸೋಕೆ ಬಿಡಲ್ಲ ಅದು. ಕೊನೇಲಂತೂ ಇವಳೇ ರಜೆ ಹಾಕಿ ಎದುರಿಗೆ ಕೂತು ನುಂಗಿಸಿದ್ಲು. ಇಷ್ಟು ದಿನ ಇದ್ರು ಅಂದ್ರೆ ಇವಳಿಂದಾನೇ."

ಮಗಳು ಬೇಗ ಒಳಕ್ಕೆ ಹೋದಳು.

*

ಅಪ್ಪನಿಗೆ ರಕ್ತದೊತ್ತಡ ಹೆಚ್ಚಿದೆಯೆಂದು ಗೊತ್ತಾದಾಗ ಆ ಯಂತ್ರ ಮನೆಗೆ ಬಂದಿತ್ತು. ಬಿಳಿ ಬಣ್ಣ, ಊಟದ ತಟ್ಟೆಯಷ್ಟು ಅಗಲ. ಒಳಗೆ ಸಣ್ಣ ಸಣ್ಣ ಮನೆಗಳು, ಒಂದೊಂದರಲ್ಲೂ ಒಂದು ಹೊತ್ತಿನ ಮಾತ್ರೆ. ಹೊತ್ತಾದರೆ ಕೂಗುತ್ತಿತ್ತು. ಎತ್ತಿ ಬೋರಲು ಮಾಡಿದರೆ ಮಾತ್ರೆ ಬಟ್ಟಲಿಗೆ ಬಿದ್ದು ಹಸಿರು ದೀಪ ಹತ್ತುತ್ತಿತ್ತು. ಆಗ ಆಸ್ಪತ್ರೆಯ ಕಂಪ್ಯೂಟರಿಗೂ ಮಗಳ ಮೊಬೈಲಿಗೂ 'ಮಾತ್ರೆ ತೆಗೆದುಕೊಂಡಿದ್ದಾರೆ' ಎಂದು ಸಂದೇಶ ಹೋಗುತ್ತಿತ್ತು. ಆಫೀಸಿನಲ್ಲಿ ಅದು ಬರುವ ತನಕ ಮಗಳಿಗೆ ಊಟ ಸೇರುತ್ತಿರಲಿಲ್ಲ.

ಅಪ್ಪ ಅದಕ್ಕೆ 'ಅತ್ತೆಮ್ಮ' ಎಂದು ಹೆಸರಿಟ್ಟಿದ್ದ. "ಇದ್ದ ಒಬ್ಬ ಅತ್ತೆ ಹೋಗಿ ನೆಮ್ಮದಿಯಾಗಿದ್ದೆ. ಇನ್ನೊಬ್ಬಳನ್ನ ತಂದು ಕೂರಿಸಿದೆಯಲ್ಲೇ."

"ನಮ್ಮಮ್ಮನ ಸುದ್ದಿಗೆ ಬರಬೇಡಿ," ಎಂದು ಅಡುಗೆಮನೆಯಿಂದ ಅಮ್ಮನ ದನಿ ಬರುತ್ತಿತ್ತು.

ಒಮ್ಮೆ ಮಾತ್ರ ಅವನು ನಗದೆ ಹೇಳಿದ್ದ. "ಇದನ್ನ ನುಂಗಿದ್ರೆ ತಲೆ ತಿರುಗುತ್ತೆ ಕಣೇ. ಸೂಜಿಗೆ ದಾರ ಪೋಣಿಸೋಕೇ ಆಗ್ತಿಲ್ಲ."

"ಡಾಕ್ಟರಿಗಿಂತ ನಿಂಗೆ ಜಾಸ್ತಿ ಗೊತ್ತಾ?"

ಆಮೇಲೆ ಅವನು ಆ ಮಾತೇ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸುವುದನ್ನು ಮತ್ತೆ ಕಂಡು, ಸದ್ಯ, ಮಾತ್ರೆ ಒಗ್ಗಿತು ಎಂದುಕೊಂಡಿದ್ದಳು ಮಗಳು.

ಕಳೆದ ವಾರ ಡಾಕ್ಟರು ಮೊಬೈಲಿನ ಪರದೆಯ ಮೇಲೆ ಕಾಣಿಸಿಕೊಂಡರು. ಅವರ ಕಣ್ಣು ಬೇರೊಂದು ಪರದೆಯ ಮೇಲಿತ್ತು. "ಒಂದು ಹೊತ್ತೂ ತಪ್ಪಿಲ್ಲ, ಎಲ್ಲ ಹಸಿರೇ ಇದೆ. ಆದ್ರೂ ಬಿಪಿ ಇಳೀತಾ ಇಲ್ಲ. ಅಂದ್ರೆ ಈ ಡೋಸ್ ಸಾಲ್ತಿಲ್ಲ. ಹೆಚ್ಚು ಮಾಡೋಣ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಮಗಳ ಮುಖ ನೋಡಿ ಮುಚ್ಚಿಕೊಂಡ.

ಡೋಸ್ ಹೆಚ್ಚಾದ ಮೇಲೆ ಅವಳಿಗೆ ಮೊಬೈಲಿನ ಸಂದೇಶವೊಂದೇ ಸಾಕೆನಿಸಲಿಲ್ಲ. ರಜೆ ಹಾಕಿ ಎದುರಿಗೆ ಕೂತಳು. "ಆ ಅನ್ನು. ನಾಲಗೆ ಎತ್ತು."

"ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು ನೀನು," ಎಂದು ಅಪ್ಪ ನುಂಗಿದ. ಮಾರನೆಯ ದಿನವೂ ನುಂಗಿದ. ಅದರ ಮಾರನೆಯ ದಿನ ಹೊಲಿಗೆ ಮಷೀನಿನ ಮುಂದಿನಿಂದ ಎದ್ದವನು ನಿಂತಲ್ಲೇ ಕುಸಿದ. ತಲೆ ಮಷೀನಿನ ಕಬ್ಬಿಣಕ್ಕೆ ಬಡಿಯಿತು.

"ಬಿಪಿ ಒಮ್ಮೆಲೇ ಇಳಿದುಬಿಟ್ಟಿದೆ," ಎಂದರು ಆಸ್ಪತ್ರೆಯಲ್ಲಿ. "ವಯಸ್ಸಾದವರಿಗೆ ಒಂದೊಂದ್ಸಲ ಹೀಗಾಗುತ್ತೆ."

*

ಬಟನ್ ಡಬ್ಬ ಮಷೀನಿನ ಖಾನೆಯಲ್ಲೇ ಇತ್ತು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬ. ಚಿಕ್ಕವಳಿದ್ದಾಗ ಮಗಳು ಅದರೊಳಗೆ ಮೊಣಕೈವರೆಗೆ ಕೈ ಬಿಟ್ಟು ಆಡುತ್ತಿದ್ದಳು. ಮುಚ್ಚಳ ಬಿಚ್ಚಿ, ಕೆದಕಿ, ಬಿಳಿಯದೊಂದನ್ನು ಎತ್ತಿಕೊಂಡಳು.

ಅದಕ್ಕೆ ತೂತುಗಳಿರಲಿಲ್ಲ. ನಡುವೆ ಒಂದು ಗೀರಿತ್ತು. ಬೆರಳಿಗೆ ಬಿಳಿ ಪುಡಿ ಅಂಟಿತು.

ಇನ್ನೊಂದನ್ನು ಎತ್ತಿದಳು. ಗುಲಾಬಿ ಬಣ್ಣದ್ದು, ಬೆಳಗಿನ ಮಾತ್ರೆ. ಕೆದಕಿದಷ್ಟೂ ಬಂದವು. ಕೋಟಿನ ಕಪ್ಪು ಬಟನ್‌ಗಳ ಸಂದಿಯಲ್ಲಿ, ಮಕ್ಕಳ ಫ್ರಾಕಿನ ಬಣ್ಣದ ಬಟನ್‌ಗಳ ಅಡಿಯಲ್ಲಿ, ತಳದವರೆಗೂ. ಕಸದ ಬುಟ್ಟಿಗೆ ಹಾಕಿದ್ದರೆ ಅವಳ ಕಣ್ಣಿಗೆ ಬೀಳುತ್ತಿತ್ತು. ಅದು ಅವನಿಗೂ ಗೊತ್ತಿತ್ತು.

ಹಾಗಾದರೆ ಆ ಹಸಿರು ದೀಪ ಹೇಳಿದ್ದು ಯಂತ್ರ ಬೋರಲಾಯಿತು ಎಂದಷ್ಟೇ. ಅಪ್ಪ ನುಂಗದೇ ಇದ್ದ ಮಾತ್ರೆ ಸಾಲಲಿಲ್ಲವೆಂದು ಡಾಕ್ಟರು ಹೆಚ್ಚು ಮಾಡಿದ್ದರು. ಹೆಚ್ಚು ಮಾಡಿದ್ದನ್ನು ಅವಳು ಎದುರಿಗೆ ಕೂತು, ನಾಲಗೆ ಎತ್ತಿಸಿ ನೋಡಿ, ನುಂಗಿಸಿದ್ದಳು.

"ಸಿಕ್ತೇನೇ?" ಎಂದು ಚಿಕ್ಕಪ್ಪ ಕೂಗಿದ.

"ಹುಡುಕ್ತಿದ್ದೀನಿ."

ಮುಚ್ಚಳ ಒತ್ತಿ ಡಬ್ಬವನ್ನು ಹೊಟ್ಟೆಗವಚಿಕೊಂಡು ಬಂದಳು. ಅಮ್ಮ ತಲೆ ಎತ್ತಿ ಅವಳ ಮುಖ ನೋಡಿದಳು.

"ನೀನು ಮಾಡೋದೆಲ್ಲ ಮಾಡಿದ್ದೀಯ, ತಾಯಿ. ನನಗೂ ಅದೊಂದೇ ಸಮಾಧಾನ."

"ಅಮ್ಮಾ..."

ಆಗ ಅಪ್ಪನ ತಲೆಯ ಹತ್ತಿರದ ಸ್ಟೂಲಿನ ಮೇಲೆ ಅತ್ತೆಮ್ಮ ಕೂಗಿಕೊಂಡಿತು. ಕೂತವರೆಲ್ಲ ಬೆಚ್ಚಿಬಿದ್ದರು. ಚಿಕ್ಕಪ್ಪ ಅದನ್ನು ಒತ್ತಿದ, ಅಲುಗಿಸಿದ, ಮೇಲೊಂದು ಟವೆಲು ಹಾಕಿದ. ಕೂಗು ನಿಲ್ಲಲಿಲ್ಲ.

"ಇದರ ಬಾಯಿ ಮುಚ್ಚಿಸೋದು ಹೇಗಪ್ಪಾ?"

"ಬೋರಲು ಮಾಡಬೇಕು," ಎಂದು ಮಗಳು ಟವೆಲು ಸರಿಸಿ ಅದನ್ನು ಎತ್ತಿದಳು. ಮಾತ್ರೆಗಳು ಬಟ್ಟಲಿಗೆ ಬಿದ್ದವು. ಕೂಗು ನಿಂತು ಹಸಿರು ದೀಪ ಹತ್ತಿತು. ಅವಳ ಮೊಬೈಲು ಸಣ್ಣಗೆ ದನಿ ಮಾಡಿತು. ಏನು ಬಂದಿದೆಯೆಂದು ನೋಡಬೇಕಾಗಿರಲಿಲ್ಲ.

"ಬಟನ್ ಸಿಗಲಿಲ್ವೇನೇ?" ಎಂದು ಅಮ್ಮ ಕೈ ಚಾಚಿದಳು. "ಕೊಡು ಇಲ್ಲಿ. ಅವರ ಡಬ್ಬದಲ್ಲಿ ಏನು ಎಲ್ಲಿರುತ್ತೆ ಅಂತ ನಂಗೆ ಗೊತ್ತು."

ಮಗಳು ಡಬ್ಬದ ಮುಚ್ಚಳ ತೆಗೆದು ಅಮ್ಮನ ಮಡಿಲಲ್ಲಿಟ್ಟಳು.

ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಅಮ್ಮ ಕಣ್ಣೊರೆಸಿಕೊಂಡು, ಅಪ್ಪನ ತೆರೆದ ಎದೆಯನ್ನೇ ನೋಡುತ್ತ, ಬಿಳಿಯದೊಂದಕ್ಕಾಗಿ ಡಬ್ಬದೊಳಗೆ ಬೆರಳು ಇಳಿಸಿದಳು.