ಹರಿಯುವ ನೀರಿಗೆ ಬಟ್ಟೆ ತುರುಕಿದ್ದು

ಎರಡು ಸಾವಿರದ ನಾಲ್ಕನೇ ಇಸವಿ, ಶಿವರಾತ್ರಿ ಕಳೆದು ಎರಡು ವಾರ. ಸೋಮವಾರ ಬೆಳಗಿನ ಐದು ಗಂಟೆಗೆ ಹೊಸದುರ್ಗದ ನಮ್ಮ ಬೀದಿಯಿಂದ ವ್ಯಾನು ಹೊರಟಿತು. ಎಂಟು ಜನ, ಎಲ್ಲರೂ ಅರವತ್ತು ದಾಟಿದವರು. ಕೊಲ್ಲೂರಿನಲ್ಲಿ ಕೈಮುಗಿದು, ಅಲ್ಲಿಂದಾಚೆ ಕರಾವಳಿ ಕಾಡಿನ ಅಭಯಾರಣ್ಯದಲ್ಲಿ ಬುಧವಾರದ ತನಕ ಇದ್ದು ಬರುವುದೆಂದು ಮಾತಾಗಿತ್ತು. ಮಿಕ್ಕವರು ದೇವರಿಗೆ ಹೊರಟವರು. ನನ್ನ ಯಜಮಾನರು ಜಂಪಣ್ಣನವರು ಹೊರಟದ್ದು ಕಾಡಿಗೆ.

ಅವರ ಕಣ್ಣು ಹೋಗುತ್ತಿತ್ತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದದ್ದೂ ಈ ವರ್ಷ ನಿಲ್ಲುವುದು ಕಷ್ಟ ಎಂದು ಚಿತ್ರದುರ್ಗದ ಡಾಕ್ಟರು ಹೇಳಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನರು ಆಡಿದ್ದು ಒಂದೇ ಮಾತು. "ಒಂದ್ಸಲ ಕಾಟಿ ನೋಡ್ಬೇಕು ಕಣೇ."

ಕಾಡುಕೋಣಕ್ಕೆ ಆ ಕಡೆಯವರು ಕಾಟಿ ಅನ್ನುತ್ತಾರೆ. ಇವರು ನಲವತ್ತು ವರ್ಷ ಎತ್ತು ಕಟ್ಟಿದವರು. ಮೂಗುದಾರವನ್ನೇ ಕಾಣದ ಅಂಥ ಪ್ರಾಣಿ ಹೇಗಿದ್ದೀತು ಎಂಬ ಆಸೆ. "ನಾಕೂ ಕಾಲಿಗೆ ಬಿಳೀ ಬಟ್ಟೆ ಸುತ್ತಿದಂಗೆ ಇರ್ತೈತಂತೆ," ಎಂದು ದಾರಿಯಲ್ಲಿ ಹತ್ತು ಸಲ ಹೇಳಿದರು.

ನನಗೆ ಸಮಾಧಾನವಿಲ್ಲ. ಮನೆಯ ಹಸುವಿಗೆ ದಿನ ತುಂಬಿತ್ತು. ಪಕ್ಕದ ಮನೆಯ ಕಾಳಕ್ಕನಿಗೆ ಒಪ್ಪಿಸಿ ಬಂದಿದ್ದೆ, ಮನಸ್ಸು ಮಾತ್ರ ಕೊಟ್ಟಿಗೆಯಲ್ಲೇ ಇತ್ತು.

ಕಾಡಿನ ತಂಗುಮನೆಗೆ ಮೂರು ಗಂಟೆಗೆ ತಲುಪಿದೆವು. ಇಳಿದ ಕೂಡಲೇ ನೀರಿನ ಸದ್ದು. ಅಡುಗೆಮನೆಯ ಹಿಂದೆ ಗುಡ್ಡದ ನೀರಿನ ಊಟೆಯಿಂದ ಇಳಿಸಿದ ಒಂದು ಪೈಪು, ಅದಕ್ಕೆ ನಲ್ಲಿಯೂ ಇಲ್ಲ, ಮುಚ್ಚಳವೂ ಇಲ್ಲ. ತೊಟ್ಟಿ ತುಂಬಿ ಚೆಲ್ಲಿ, ನೀರು ಇಳಿಜಾರಿನಲ್ಲಿ ಕಾಡಿನೊಳಗೆ ಹೋಗುತ್ತಿತ್ತು. ನಮ್ಮಲ್ಲಿ ನಲ್ಲಿ ಬರುವುದು ನಾಲ್ಕು ದಿನಕ್ಕೊಂದು ಸಲ. ಪಾತ್ರೆ ತೊಳೆದ ನೀರನ್ನೂ ತೆಂಗಿನ ಬುಡಕ್ಕೆ ಹಾಕುವವರು ನಾವು. ಕೂತರೂ ಅದೇ ಸದ್ದು, ನಿಂತರೂ ಅದೇ ಸದ್ದು. ಎಲೆಅಡಿಕೆ ಹಾಕಿಕೊಂಡು ನೋಡಿದೆ, ಆಗಲಿಲ್ಲ. ಎದ್ದು ಹೋಗಿ ಹಳೇ ಸೀರೆಯ ತುಂಡನ್ನು ಉಂಡೆ ಮಾಡಿ ಪೈಪಿನ ಬಾಯಿಗೆ ತುರುಕಿ, ದಾರ ಬಿಗಿದೆ.

ಯಜಮಾನರ ಅಕ್ಕ ಏಕಾಂತಮ್ಮ ನೋಡಿದರು. "ಒಳ್ಳೇ ಕೆಲ್ಸ ಮಾಡ್ದೆ ಬಿಡು ಚಂದ್ರಿ. ಯಾವ ಪುಣ್ಯಾತ್ಮ ಹಂಗೇ ಬಿಟ್ಟಿದ್ನೋ!"

ಆಮೇಲೆ ಎಂಟು ಜನವೂ ಬೇಕಾದಾಗ ಬಟ್ಟೆ ತೆಗೆದು ಬಕೆಟ್ಟು ತುಂಬಿಸಿಕೊಂಡು, ಮರೆಯದೆ ಮತ್ತೆ ತುರುಕಿದೆವು.

ಸಂಜೆ ಅಲ್ಲಿನ ಕಾವಲುಗಾರ ನಮ್ಮನ್ನು ಕೆಳಗಿನ ಮರದ ಅಟ್ಟಣೆಗೆ ಕರೆದುಕೊಂಡು ಹೋದ. ಎದುರಿಗೆ ಒಂದು ಚಿಕ್ಕ ಹೊಂಡ. ಬೇಸಿಗೆಯಲ್ಲಿ ಕಾಟಿಗಳು ನೀರಿಗೆ ಅಲ್ಲಿಗೇ ಬರುವುದಂತೆ. ಸೋಮವಾರ ಬರಲಿಲ್ಲ; ವ್ಯಾನಿನ ಸದ್ದಿಗೆ ಬೆದರಿರಬೇಕು ಎಂದ. ಮಂಗಳವಾರವೂ ಬರಲಿಲ್ಲ.

"ಏನಪ್ಪ ಜಂಪಣ್ಣ, ನಿನ್ ಕಾಟಿಗೆ ತಾಂಬೂಲ ಕೊಟ್ ಕರೀಬೇಕಿತ್ತೇನೋ," ಎಂದರು ಏಕಾಂತಮ್ಮ.

"ನೀನ್ ಬಾಯ್ ಮುಚ್ಚಿದ್ರೆ ಬರ್ತೈತೆ ಕಣಕ್ಕ."

"ಹೋಗಾಣ ನಡೀರಿ," ಎಂದೆ ನಾನು. "ಅಲ್ಲಿ ಹಸ ಈದೈತೋ ಏನೋ." ಅವರು ಏಳಲಿಲ್ಲ. ಟವೆಲಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೊಂಡದ ಕಡೆಗೇ ತಿರುಗಿದರು.

ಬುಧವಾರ ಬೆಳಗ್ಗೆ ಚೀಲಗಳನ್ನೆಲ್ಲ ವ್ಯಾನಿಗೆ ಏರಿಸಿಯಾಗಿತ್ತು. ಕಾವಲುಗಾರ ಕಾಲಿಗೆ ಕೆಸರು ಮೆತ್ತಿಕೊಂಡು ಹತ್ತಿ ಬಂದ. "ಹೊಂಡದಲ್ಲಿ ನೀರೇ ಇಲ್ಲ, ಇದ್ದದ್ದೆಲ್ಲ ಇಂಗಿ ಹೋಗಿದೆ. ಇಲ್ಲಿ ತೊಟ್ಟಿ ಚೆಲ್ಲಿದ ನೀರೇ ಅಲ್ಲಿಗೆ ಹೋಗುದು. ಅದು ನಿಂತದ್ದು ಹೇಗೆ?"

ಏಕಾಂತಮ್ಮ ಮರದ ತುದಿ ನೋಡತೊಡಗಿದರು.

"ನಾನೇ ಕಣಪ್ಪ ಮುಚ್ಚಿದ್ದು. ಸುಮ್ನೆ ಹರಿದೋಗ್ತೈತಲ್ಲ ಅಂತ."

ಅವನು ಬಯ್ಯಲಿಲ್ಲ. ಬಟ್ಟೆ ಕಿತ್ತ. ನೀರು ಹಾರಿ ಅವನ ಅಂಗಿ ತೊಯ್ದಿತು. ಹೊಂಡ ತುಂಬಲು ಒಂದು ದಿನ, ಪ್ರಾಣಿಗೆ ಗೊತ್ತಾಗಲು ಇನ್ನೊಂದು ದಿನ ಬೇಕು ಎಂದ.

ಯಜಮಾನರು ಆಗಲೇ ವ್ಯಾನಿನ ಕಿಟಕಿಯ ಪಕ್ಕ ಕೂತಿದ್ದರು. ಎಲ್ಲ ಕೇಳಿಸಿಕೊಂಡು, "ಹೋಗ್ಲಿ ಬಿಡೇ, ಹತ್ತು," ಎಂದರು. ಬೈದಿದ್ದರೆ ಹತ್ತುತ್ತಿದ್ದೆನೋ ಏನೋ. ನಮ್ಮ ಚೀಲ ಹುಡುಕಿ ಕೆಳಗೆಳೆದೆ.

"ಇಳೀರಿ."

"ಹಸ?"

"ಕಾಳಕ್ಕ ಅವಳೆ. ಇಳೀರಿ ಅಂದ್ನಲ್ಲ."

"ನಿನ್ನೆ ಮನೆ ಮನೆ ಅಂತಿದ್ದೋಳು ಇವ್ಳೇನಾ!" ಎಂದರು ಏಕಾಂತಮ್ಮ. ನಾವಿಬ್ಬರು ಶನಿವಾರದ ತನಕ ಇರಲು ಕಾವಲುಗಾರ ಮೇಲಿನವರನ್ನು ಕೇಳಿ ಒಪ್ಪಿಸಿದ.

ಗುರುವಾರವೆಲ್ಲ ಆ ನೀರಿನ ಸದ್ದು ಕೇಳುತ್ತ ಕೂತೆ. ಎರಡು ಸಲ ಕೈ ತಾನಾಗಿ ಪೈಪಿನ ಕಡೆ ಹೋಯಿತು. ಹೊಂಡ ಎಷ್ಟು ತುಂಬಿತು ಎಂದು ಗಂಟೆಗೊಮ್ಮೆ ಅಟ್ಟಣೆಯಿಂದ ನೋಡಿ ಬಂದೆ. ಆ ಸಂಜೆ ಯಾವುದೂ ಬರಲಿಲ್ಲ.

ಶುಕ್ರವಾರ ಹೊತ್ತು ಮುಳುಗುವಾಗ ಬಂದವು. ನಾಲ್ಕು. ಕಪ್ಪು ಮೈ ಕತ್ತಲೆಗೆ ಸೇರಿಹೋಗಿತ್ತು. ನಾನು ಯಜಮಾನರ ಮೊಣಕೈ ಹಿಡಿದು ಆ ಕಡೆ ತಿರುಗಿಸಿದೆ. ಅವರು ಕಣ್ಣು ಕಿರಿದು ಮಾಡಿ, ಬೆರಳು ಮಡಿಸುತ್ತ ಎಣಿಸತೊಡಗಿದರು.

"ಬಿಳೀ ಕಾಲು ಕಾಣ್ತವೆ ಕಣೇ," ಎಂದು ಪಿಸುಗುಟ್ಟಿದರು. "ಬರೀ ಕಾಲು. ಹನ್ನೆರಡು ಎಣಿಸ್ದೆ. ಮೂರು ಅಲ್ವೇನೇ?"

ನಾಲ್ಕನೆಯದು ಸ್ವಲ್ಪ ಹಿಂದೆ ಕಲ್ಲಿನ ಪಕ್ಕ ನಿಂತು ನೀರು ಕುಡಿಯುತ್ತಿತ್ತು.

"ಹ್ಞೂಂ, ಮೂರೇ," ಎಂದೆ.

ಏಕಾಂತಮ್ಮ ಮತ್ತು ಉಳಿದ ಐದು ಜನ ಹೊರಟದ್ದು ಬುಧವಾರ. ನಾವಿಬ್ಬರು ಹೊರಟದ್ದು ಶನಿವಾರ.